ವೇದಿಕೆಯಿಂದ ವೇದಿಕೆಗೆ ಹೊತ್ತೊಯ್ಯುವವರಿಗೆ ಯಾವ ಸಿಂಬಲ್ ಸ್ಟ್ಯಾಂಡ್?

ಡ್ರಮ್ ಸೆಟ್ ಕೊಳ್ಳುವಾಗ ಎಲ್ಲರ ಗಮನ ಮೊದಲು ಡ್ರಮ್ಮುಗಳ ಮೇಲೆ, ಆಮೇಲೆ ಸಿಂಬಲ್‌ಗಳ ಮೇಲೆ, ಅಂದರೆ ಕೋಲಿನಿಂದ ಬಾರಿಸುವ ಲೋಹದ ತಟ್ಟೆಗಳ ಮೇಲೆ ಹೋಗುತ್ತದೆ. ಕೊನೆಗೆ ಕೈಯಲ್ಲಿ ಎಷ್ಟು ದುಡ್ಡು ಉಳಿದಿದೆಯೋ ಅಷ್ಟರಲ್ಲಿ ಸ್ಟ್ಯಾಂಡ್ ಬರುತ್ತದೆ. ಮನೆಯ ಮೂಲೆಯಲ್ಲಿ ಸೆಟ್ ಇಟ್ಟುಕೊಂಡು ಅಭ್ಯಾಸ ಮಾಡುವವರಿಗೆ ಇದರಿಂದ ದೊಡ್ಡ ತೊಂದರೆಯೇನೂ ಆಗುವುದಿಲ್ಲ. ಆದರೆ ಗಣೇಶೋತ್ಸವದಿಂದ ಹಿಡಿದು ರಾಜ್ಯೋತ್ಸವದವರೆಗೆ ಇವತ್ತು ಈ ಊರು, ನಾಳೆ ಆ ಊರು ಎಂದು ತಿರುಗುವ ಆರ್ಕೆಸ್ಟ್ರಾ ಕಲಾವಿದರಿಗೆ, ಮದುವೆ ಆರತಕ್ಷತೆಗಳಲ್ಲಿ ನುಡಿಸುವವರಿಗೆ, ಭಾನುವಾರ ಬೆಳಿಗ್ಗೆ ಚರ್ಚಿನಲ್ಲಿ ಸೆಟ್ ಜೋಡಿಸಿ ಮಧ್ಯಾಹ್ನ ಬಿಚ್ಚುವವರಿಗೆ ಸಿಂಬಲ್ ಸ್ಟ್ಯಾಂಡಿನಷ್ಟು ಕೆಲಸ ಕೊಡುವ ಸಾಮಾನು ಇನ್ನೊಂದಿಲ್ಲ. ಅದು ಹಗುರವಾಗಿರಬೇಕು, ಬೇಗ ಮಡಚಬರಬೇಕು, ಟೆಂಪೋದಲ್ಲಿ ಇತರ ಸಾಮಾನುಗಳಡಿ ಸಿಕ್ಕಿ ನಲುಗಿದರೂ ಮುರಿಯಬಾರದು, ವೇದಿಕೆ ಅಲುಗಾಡಿದರೂ ಸಿಂಬಲ್ಲನ್ನು ಬೀಳಿಸಬಾರದು. ಇವೆಲ್ಲವೂ ಒಂದೇ ಸ್ಟ್ಯಾಂಡಿನಲ್ಲಿ ಸಿಗುವುದು ಕಷ್ಟ. ಯಾವುದನ್ನು ಎಷ್ಟರಮಟ್ಟಿಗೆ ಬಿಟ್ಟುಕೊಡಬಹುದು ಎಂಬುದನ್ನು ತಿಳಿದುಕೊಂಡರೆ ಮಾತ್ರ ಖರೀದಿ ಸರಿಹೋಗುತ್ತದೆ.

ಇಲ್ಲಿ ಬರೆಯುತ್ತಿರುವುದು ಸ್ವಂತದ್ದು, ಗೆಳೆಯರದ್ದು, ಬಾಡಿಗೆಯದ್ದು ಎಂದು ಹಲವು ಬಗೆಯ ಸ್ಟ್ಯಾಂಡ್‌ಗಳನ್ನು ಜೋಡಿಸಿ, ನುಡಿಸಿ, ಬಿಚ್ಚಿ, ಹೊತ್ತು ಕಂಡ ಅನುಭವದಿಂದ. ಅಂಗಡಿಗೆ ಹೋದ ಕೂಡಲೇ ‘ಹೆವಿ ಇದೆ, ತಗೊಳ್ಳಿ’ ಎಂದು ತೂಕವನ್ನೇ ಗಟ್ಟಿತನದ ಗುರುತಾಗಿ ತೋರಿಸುವುದು ರೂಢಿ. ಈ ರೂಢಿಯನ್ನು ನಂಬಬೇಡಿ ಎನ್ನುವುದೇ ನನ್ನ ಮುಖ್ಯ ಮಾತು. ಸ್ಟ್ಯಾಂಡಿನ ಬಲ ಇರುವುದು ಅದರ ಕಾಲುಗಳ ಹರವಿನಲ್ಲಿ, ಪೈಪುಗಳು ಸೇರುವ ಕೀಲುಗಳಲ್ಲಿ ಮತ್ತು ಸಿಂಬಲ್ ಕೂರುವ ತಲೆಭಾಗದಲ್ಲಿ. ಈ ಮೂರೂ ಚೆನ್ನಾಗಿದ್ದರೆ ಎರಡು ಕೆ.ಜಿ.ಯ ಸ್ಟ್ಯಾಂಡ್ ಕೂಡ ಇಡೀ ರಾತ್ರಿಯ ಕಾರ್ಯಕ್ರಮವನ್ನು ನಿಭಾಯಿಸುತ್ತದೆ. ಇವು ಕೆಟ್ಟಿದ್ದರೆ ನಾಲ್ಕು ಕೆ.ಜಿ.ಯದ್ದೂ ಕೈಕೊಡುತ್ತದೆ.

ಮೊದಲು ಸ್ಟ್ಯಾಂಡ್ ಹೊರಬೇಕಾದ ಭಾರವನ್ನು ನೋಡೋಣ. ಒತ್ತು ಕೊಡಲು ಜೋರಾಗಿ ಬಾರಿಸುವ ಕ್ರ್ಯಾಶ್ ಸಿಂಬಲ್ 16 ಇಂಚಿನ ತೆಳುವಾದದ್ದಾದರೆ ಸುಮಾರು ಒಂದು ಕೆ.ಜಿ. ತೂಗುತ್ತದೆ. 18 ಇಂಚಿನದು ಒಂದೂವರೆ ಕೆ.ಜಿ. ಆಸುಪಾಸು. ತಾಳದ ಓಟ ಹಿಡಿಯಲು ನುಡಿಸುವ ದೊಡ್ಡ ಸಿಂಬಲ್ ರೈಡ್; 20 ಇಂಚಿನ ಸಾಧಾರಣ ದಪ್ಪದ್ದು ಎರಡರಿಂದ ಎರಡೂವರೆ ಕೆ.ಜಿ.ವರೆಗೆ ಇರುತ್ತದೆ, 22 ಇಂಚಿನ ದಪ್ಪ ರೈಡ್ ಮೂರು ಕೆ.ಜಿ. ಮುಟ್ಟುವುದೂ ಉಂಟು. ಕ್ರ್ಯಾಶ್ ಹಗುರವಾದರೂ ಅದರ ಅಂಚಿಗೆ ಬೀಳುವ ಏಟು ಜೋರಿನದು, ಏಟು ಬಿದ್ದಾಗ ಅದು ಓಲಾಡುತ್ತದೆ. ರೈಡ್ ಭಾರವಾದರೂ ಅದನ್ನು ನುಡಿಸುವುದು ಹೆಚ್ಚಾಗಿ ಕೋಲಿನ ತುದಿಯಿಂದ, ಆದ್ದರಿಂದ ಅದು ಅಷ್ಟಾಗಿ ಅಲುಗಾಡುವುದಿಲ್ಲ. ಆದರೆ ಅದು ಟಾಮ್ ಎಂಬ ಡ್ರಮ್ಮುಗಳ ಮೇಲೆ ಚಾಚಿಕೊಂಡಿರಬೇಕಾದ್ದರಿಂದ ಅದರ ಭಾರ ಸ್ಟ್ಯಾಂಡಿನ ನಡುವಿನಿಂದ ದೂರ ಬೀಳುತ್ತದೆ. ಎರಡಕ್ಕೂ ಒಂದೇ ಬಗೆಯ ಸ್ಟ್ಯಾಂಡ್ ಬೇಕೆಂದು ಹಟ ಹಿಡಿಯುವ ಅಗತ್ಯವಿಲ್ಲ. ಜೋಡಿ ಚೆಂದ ಕಾಣಲಿ ಎಂದು ಎರಡು ಒಂದೇ ತರಹದ ಭಾರಿ ಸ್ಟ್ಯಾಂಡ್ ಕೊಳ್ಳುವವರು ಸುಮ್ಮನೆ ಒಂದೆರಡು ಕೆ.ಜಿ. ಹೆಚ್ಚಿಗೆ ಹೊರುತ್ತಾರೆ.

ಇನ್ನು ಕಾಲುಗಳು. ಸಿಂಬಲ್ ಸ್ಟ್ಯಾಂಡ್ ಎಂದರೆ ಮುಕ್ಕಾಲಿ, ಮತ್ತು ಮುಕ್ಕಾಲಿಗೆ ಒಂದು ಗುಣವಿದೆ. ಅದನ್ನು ತಿಳಿದವರಿಗೆ ಅರ್ಧ ಸಮಸ್ಯೆ ಅಲ್ಲಿಯೇ ತೀರುತ್ತದೆ. ನಡುಪೈಪಿನಿಂದ ಪ್ರತಿ ಕಾಲಿನ ತುದಿಗೂ 30 ಸೆಂ.ಮೀ. ದೂರವಿದೆ ಎಂದುಕೊಳ್ಳಿ. ಸ್ಟ್ಯಾಂಡ್ ಯಾವುದಾದರೂ ಒಂದು ಕಾಲಿನ ದಿಕ್ಕಿಗೆ ವಾಲಿದರೆ ಅದನ್ನು ತಡೆಯಲು 30 ಸೆಂ.ಮೀ. ಆಚೆ ಪಾದವಿದೆ. ಆದರೆ ಎರಡು ಕಾಲುಗಳ ನಡುವಿನ ಖಾಲಿ ಜಾಗದ ಕಡೆಗೆ ವಾಲಿದರೆ, ಆ ಎರಡು ಪಾದಗಳನ್ನು ಸೇರಿಸುವ ಗೆರೆ ನಡುಪೈಪಿನಿಂದ ಕೇವಲ 15 ಸೆಂ.ಮೀ. ದೂರದಲ್ಲಿರುತ್ತದೆ. ಅಂದರೆ ಅದೇ ಸ್ಟ್ಯಾಂಡಿಗೆ ಒಂದು ದಿಕ್ಕಿನಲ್ಲಿ ಇರುವ ಆಸರೆ ಇನ್ನೊಂದು ದಿಕ್ಕಿನಲ್ಲಿ ಅರ್ಧಕ್ಕೆ ಇಳಿದಿರುತ್ತದೆ.

ಇದನ್ನು ಲೆಕ್ಕ ಹಾಕಿಯೇ ನೋಡಬಹುದು. ಸ್ಟ್ಯಾಂಡಿನ ತೂಕ ಮೂರೂವರೆ ಕೆ.ಜಿ., ರೈಡ್ ಎರಡೂವರೆ ಕೆ.ಜಿ., ಅಡ್ಡಕ್ಕೆ ಚಾಚುವ ಬೂಮ್ ತೋಳಿನಿಂದ ಸಿಂಬಲ್ ನಡುಪೈಪಿನಿಂದ 35 ಸೆಂ.ಮೀ. ಆಚೆಗಿದೆ ಎಂದಿಟ್ಟುಕೊಳ್ಳೋಣ, ಲೆಕ್ಕ ಸರಳವಾಗಲೆಂದು ತೋಳಿನ ತೂಕವನ್ನು ಬಿಟ್ಟುಬಿಡೋಣ. ಸಿಂಬಲ್ ಎರಡು ಕಾಲುಗಳ ನಡುವೆ ಚಾಚಿದ್ದರೆ, ಸ್ಟ್ಯಾಂಡನ್ನು ಹಿಡಿದು ನಿಲ್ಲಿಸುವ ಬಲ 15ನ್ನು ಮೂರೂವರೆಯಿಂದ ಗುಣಿಸಿದರೆ ಬರುವ 52.5, ಬೀಳಿಸುವ ಬಲ, ಗೆರೆಯಿಂದ ಆಚೆಗಿರುವ 20 ಸೆಂ.ಮೀ.ಯನ್ನು ಎರಡೂವರೆಯಿಂದ ಗುಣಿಸಿದರೆ ಬರುವ 50. ಎರಡೂ ಹೆಚ್ಚುಕಡಿಮೆ ಸಮ. ಯಾರಾದರೂ ಪಕ್ಕದಲ್ಲಿ ಹಾದುಹೋಗುವಾಗ ಮೈ ತಾಗಿದರೆ ಸಾಕು, ಬಿದ್ದೇಹೋಗುತ್ತದೆ. ಅದೇ ಸಿಂಬಲ್ಲನ್ನು ಒಂದು ಕಾಲಿನ ನೇರಕ್ಕೆ ತಂದರೆ, ಹಿಡಿದು ನಿಲ್ಲಿಸುವ ಬಲ 105, ಬೀಳಿಸುವ ಬಲ ಹನ್ನೆರಡೂವರೆ ಮಾತ್ರ. ಈಗ ಸ್ಟ್ಯಾಂಡನ್ನು ಬದಲಿಸಿ 1.8 ಕೆ.ಜಿ.ಯ ಹಗುರದ್ದನ್ನು ಇಡಿ, ಕಾಲಿನ ಹರವು ಅಷ್ಟೇ ಇರಲಿ. ಕಾಲಿನ ನೇರಕ್ಕೆ ಸಿಂಬಲ್ ಇದ್ದರೆ 54ಕ್ಕೆ ಹನ್ನೆರಡೂವರೆ. ಅದು ನಿಶ್ಚಿಂತೆಯಿಂದ ನಿಲ್ಲುತ್ತದೆ. ಸರಿಯಾಗಿ ತಿರುಗಿಸಿ ಇಟ್ಟ ಹಗುರ ಸ್ಟ್ಯಾಂಡ್, ತಪ್ಪಾಗಿ ಇಟ್ಟ ಭಾರದ ಸ್ಟ್ಯಾಂಡಿಗಿಂತ ಎಷ್ಟೋ ಭದ್ರ. ಹಾಗೆಂದು ಹಗುರದ್ದನ್ನು ಹೇಗೆ ಬೇಕಾದರೂ ಇಡಬಹುದೆಂದಲ್ಲ; ಅದೇ ಸ್ಟ್ಯಾಂಡಿನಲ್ಲಿ ಸಿಂಬಲ್ ಎರಡು ಕಾಲುಗಳ ನಡುವೆ ಬಂದರೆ 27ರ ಎದುರು 50 ಇರುತ್ತದೆ, ಕೈ ಬಿಟ್ಟ ಕ್ಷಣವೇ ಉರುಳುತ್ತದೆ.

ಈ ಕಾರಣಕ್ಕೆ ಸ್ಟ್ಯಾಂಡ್ ಕೊಳ್ಳುವಾಗ ತೂಕಕ್ಕಿಂತ ಮೊದಲು ನಾನು ನೋಡುವುದು ಕಾಲುಗಳು ಎಷ್ಟು ಅಗಲಕ್ಕೆ ತೆರೆದುಕೊಳ್ಳುತ್ತವೆ ಎಂಬುದನ್ನು. ಕಾಲುಗಳು ಕೊಡೆಯ ಕಡ್ಡಿಗಳಂತೆ ನಡುಪೈಪಿನ ಮೇಲೆ ಜಾರುವ ಒಂದು ಬಳೆಯಿಂದ ತೆರೆದು ಮುಚ್ಚುತ್ತವೆ. ಆ ಬಳೆಯನ್ನು ಕೆಳಗೆ ತಂದಷ್ಟೂ ಹರವು ಹೆಚ್ಚು. ನಡುಪೈಪಿನಿಂದ ಕಾಲಿಗೆ ಹೋಗುವ ಅಡ್ಡಪಟ್ಟಿ ನೆಲಕ್ಕೆ ಸಮಾನಾಂತರವಾಗುವ ಹೊತ್ತಿಗೆ ಒಳ್ಳೆಯ ಹರವು ಬಂದಿರಬೇಕು, ಆಗಲೂ ನಡುಪೈಪಿನ ತಳ ನೆಲಕ್ಕೆ ತಾಗಬಾರದು. ತಳ ತಾಗಿದರೆ ಭಾರವೆಲ್ಲ ನಡುವೆ ನಿಂತು, ಮೂರು ಪಾದಗಳೂ ನೆಲದ ಮೇಲೆ ಬಿಗಿಯಾಗಿ ಕೂರದೆ ಸ್ಟ್ಯಾಂಡ್ ತಿರುಗತೊಡಗುತ್ತದೆ. ನಮ್ಮ ಊರುಗಳ ವೇದಿಕೆಯಲ್ಲಿ ಇದು ಬಹಳ ಮುಖ್ಯ. ಹಲಗೆಗಳನ್ನು ಜೋಡಿಸಿ ಮೇಲೆ ಜಮಖಾನ ಹಾಸಿರುತ್ತಾರೆ. ಕೆಳಗೆ ಒಂದು ಹಲಗೆ ಮೇಲೆದ್ದಿದೆಯೋ ತಗ್ಗಿದೆಯೋ ಎಂದು ಕಣ್ಣಿಗೆ ಕಾಣುವುದಿಲ್ಲ. ನೃತ್ಯ ತಂಡದವರು ಮುಂದೆ ಕುಣಿಯತೊಡಗಿದಾಗ ಇಡೀ ವೇದಿಕೆ ತೂಗುತ್ತದೆ. ಕಾಲಿನ ಹರವನ್ನು ಹೆಚ್ಚು ಕಡಿಮೆ ಮಾಡಲು ಬರುವ ಸ್ಟ್ಯಾಂಡ್ ಇಂಥ ನೆಲಕ್ಕೆ ಹೊಂದಿಕೊಳ್ಳುತ್ತದೆ.

ಕಾಲಿನ ಪಟ್ಟಿ ಒಂಟಿಯೋ ಜೋಡಿಯೋ ಎಂಬ ಪ್ರಶ್ನೆಗೆ ಅಂಗಡಿಗಳಲ್ಲಿ ಅಗತ್ಯಕ್ಕಿಂತ ಹೆಚ್ಚು ಮಹತ್ವ ಕೊಡುತ್ತಾರೆ. ಒಂಟಿ ಪಟ್ಟಿಯ ಸ್ಟ್ಯಾಂಡಿನಲ್ಲಿ ಪ್ರತಿ ಕಾಲಿಗೂ ಒಂದೇ ಲೋಹದ ಪಟ್ಟಿ. ಜೋಡಿ ಪಟ್ಟಿಯದ್ದರಲ್ಲಿ ಎರಡು ಪಟ್ಟಿಗಳು ಅಕ್ಕಪಕ್ಕ ಇದ್ದು ಕಾಲು ಪಕ್ಕಕ್ಕೆ ತಿರುಚಿಕೊಳ್ಳುವುದನ್ನು ತಡೆಯುತ್ತವೆ. ಇದು ನಿಜವಾದ ಅನುಕೂಲವೇ. ಆದರೆ ಒಂಟಿ ಪಟ್ಟಿ ದಪ್ಪ ಉಕ್ಕಿನದಾಗಿದ್ದು ರಿವೆಟ್‌ಗಳು ಬಿಗಿಯಾಗಿದ್ದರೆ ಮೂರು ಕೆ.ಜಿ.ಯೊಳಗಿನ ಯಾವ ಸಿಂಬಲ್ಲಿಗೂ ಅದು ಸಾಕಾಗುತ್ತದೆ. ತೆಳು ತಗಡಿನ ಜೋಡಿ ಪಟ್ಟಿಗಿಂತ ದಪ್ಪ ಒಂಟಿ ಪಟ್ಟಿಯೇ ಮೇಲು. ಟಾಮಾ ಕಂಪನಿಯವರು ತಮ್ಮ ಸ್ಟೇಜ್ ಮಾಸ್ಟರ್ ಸರಣಿಯ ಬೂಮ್ ಸ್ಟ್ಯಾಂಡನ್ನು ಒಂಟಿ ಪಟ್ಟಿಯಲ್ಲೂ ಜೋಡಿ ಪಟ್ಟಿಯಲ್ಲೂ ಕೊಡುತ್ತಾರೆ. ಯಮಹಾದವರ 600 ಸರಣಿ ಒಂಟಿ ಪಟ್ಟಿಯದು. ಇವು ಕಳಪೆಯೆಂದು ಒಂಟಿ ಪಟ್ಟಿಯಲ್ಲಿ ಮಾಡಿದವಲ್ಲ. ಹೊತ್ತೊಯ್ಯುವವರಿಗೆಂದೇ ತೂಕ ಇಳಿಸಿ ಮಾಡಿದವು.

ಸ್ಟ್ಯಾಂಡ್ ನಿಜವಾಗಿ ಕೆಡುವುದು ಕೀಲುಗಳಲ್ಲಿ. ಒಂದು ಸಾಧಾರಣ ಸ್ಟ್ಯಾಂಡಿನಲ್ಲಿ ಒಂದರೊಳಗೊಂದು ಜಾರುವ ಮೂರು ಪೈಪುಗಳಿರುತ್ತವೆ. ಪ್ರತಿ ಪೈಪಿನ ಬಾಯಲ್ಲೂ ಎರಕ ಹೊಯ್ದ ಲೋಹದ ಒಂದು ಗಂಟು, ಅದಕ್ಕೆ ಒಂದು ರೆಕ್ಕೆಯ ಬೋಲ್ಟು. ಇಲ್ಲಿ ಎರಡು ಬಗೆಯ ಕೆಲಸವನ್ನು ಕಾಣಬಹುದು. ಅಗ್ಗದ ಸ್ಟ್ಯಾಂಡಿನಲ್ಲಿ ಬೋಲ್ಟಿನ ತುದಿ ನೇರವಾಗಿ ಒಳಪೈಪನ್ನು ಒತ್ತುತ್ತದೆ. ಬಿಗಿ ಮಾಡಿದಂತೆಲ್ಲ ಒಳಪೈಪಿನ ಮೇಲೆ ಮೊದಲು ಕ್ರೋಮ್ ಕೆತ್ತಿಹೋಗುತ್ತದೆ, ಆಮೇಲೆ ಒಂದು ಸಣ್ಣ ಗುಳಿ ಬೀಳುತ್ತದೆ. ಆ ಗುಳಿ ಬಿದ್ದ ಮೇಲೆ ಬೋಲ್ಟು ಪ್ರತಿ ಸಲವೂ ಅಲ್ಲಿಗೇ ಜಾರಿ ಕೂರುತ್ತದೆ. ಒಂದು ಬೆರಳಗಲ ಮೇಲೆ ಬೇಕೆಂದರೂ ನಿಲ್ಲುವುದಿಲ್ಲ. ಕ್ರೋಮ್ ಹೋದ ಜಾಗದಲ್ಲಿ ಮಳೆಗಾಲದಲ್ಲಿ ತುಕ್ಕು ಹಿಡಿದು, ಒಂದು ದಿನ ಪೈಪು ಒಳಗೆ ಹೋಗುವುದೇ ಇಲ್ಲ. ಒಳ್ಳೆಯ ಸ್ಟ್ಯಾಂಡಿನಲ್ಲಿ ಪೈಪಿನ ಬಾಯೊಳಗೆ ನೈಲಾನ್ ಉಂಗುರವೊಂದನ್ನು ಕೂರಿಸಿರುತ್ತಾರೆ. ಬೋಲ್ಟು ಎರಕದ ಬಾಯನ್ನು ಬಿಗಿಯುತ್ತದೆ, ಅದು ನೈಲಾನನ್ನು ಒತ್ತುತ್ತದೆ, ನೈಲಾನ್ ಒಳಪೈಪನ್ನು ಸುತ್ತಲಿಂದಲೂ ಅಪ್ಪಿ ಹಿಡಿಯುತ್ತದೆ. ಲೋಹಕ್ಕೆ ಲೋಹ ತಾಗದಿರುವುದರಿಂದ ಗುಳಿ ಬೀಳುವುದಿಲ್ಲ, ನುಡಿಸುವಾಗ ಕಟಕಟ ಸದ್ದೂ ಬರುವುದಿಲ್ಲ. ಮೈಕು ಹತ್ತಿರವಿರುವ ಧ್ವನಿಮುದ್ರಣದಲ್ಲಿ ಈ ಸದ್ದು ಎಷ್ಟು ಕಾಟ ಕೊಡುತ್ತದೆಂಬುದು ಸ್ಟುಡಿಯೋದಲ್ಲಿ ನುಡಿಸಿದವರಿಗೆ ಗೊತ್ತು.

ಅಂಗಡಿಯಲ್ಲಿ ಬೋಲ್ಟನ್ನು ಪೂರ್ತಿ ಬಿಚ್ಚಿ, ಒಳಪೈಪನ್ನು ಹೊರಗೆಳೆದು, ಹೊರಪೈಪಿನ ಬಾಯನ್ನು ಬೆಳಕಿಗೆ ಹಿಡಿದು ನೋಡಿ. ಕಪ್ಪು ಅಥವಾ ಬಿಳಿಯ ನೈಲಾನ್ ಅಂಚು ಕಾಣಬೇಕು. ಬೋಲ್ಟಿನ ಥ್ರೆಡ್ ಯಾವುದರೊಳಗೆ ಹೋಗುತ್ತದೆಂಬುದನ್ನೂ ಗಮನಿಸಿ. ಎರಕದ ಮೆತ್ತನೆಯ ಲೋಹದಲ್ಲೇ ಥ್ರೆಡ್ ಕೊರೆದಿದ್ದರೆ ಅದು ಕ್ರಮೇಣ ಸವೆದು ಬೋಲ್ಟು ಬಿಗಿಯಾಗದೆ ಸುಮ್ಮನೆ ಸುತ್ತುತ್ತದೆ. ಪ್ರತ್ಯೇಕ ಉಕ್ಕಿನ ನಟ್ ಕೂರಿಸಿದ್ದರೆ ಅದು ಸವೆದಾಗ ನಟ್ಟನ್ನು ಮಾತ್ರ ಬದಲಿಸಬಹುದು. ಎರಕದಲ್ಲೇ ಥ್ರೆಡ್ ಹೋದ ಸ್ಟ್ಯಾಂಡ್‌ಗಳನ್ನು ಲೇತ್ ಅಂಗಡಿಗೆ ಒಯ್ದು ದೊಡ್ಡ ಬೋಲ್ಟು ಹಾಕಿಸಿಕೊಂಡು ಕೆಲವು ವರ್ಷ ಓಡಿಸುವವರಿದ್ದಾರೆ. ಒಳ್ಳೆಯ ಕೆಲಸಗಾರ ಸಿಕ್ಕರೆ ಅದೂ ನಡೆಯುತ್ತದೆ.

ಕೀಲಿನ ಪಕ್ಕದಲ್ಲೇ ಒಳಪೈಪಿಗೆ ಹಾಕುವ ಇನ್ನೊಂದು ಬಳೆ ಇರುತ್ತದೆ; ಅದನ್ನು ಮೆಮೊರಿ ಲಾಕ್ ಎನ್ನುತ್ತಾರೆ. ಎತ್ತರವನ್ನು ಒಮ್ಮೆ ಗೊತ್ತುಮಾಡಿ ಈ ಬಳೆಯನ್ನು ಬಿಗಿದುಬಿಟ್ಟರೆ ಮುಂದಿನ ಸಲ ಪೈಪು ತಾನಾಗಿಯೇ ಅದೇ ಎತ್ತರಕ್ಕೆ ಬಂದು ಕೂರುತ್ತದೆ, ಮತ್ತು ನುಡಿಸುವಾಗ ಬೋಲ್ಟು ಸ್ವಲ್ಪ ಸಡಿಲಗೊಂಡರೂ ಪೈಪು ಕೆಳಗೆ ಜಾರುವುದಿಲ್ಲ. ಈಗ ದೊಡ್ಡ ಕಂಪನಿಗಳ ಹಲವು ಸ್ಟ್ಯಾಂಡ್‌ಗಳಲ್ಲಿ ಇದನ್ನು ಕಾಣಬಹುದು. ದಿನಕ್ಕೊಂದು ಊರಿನಲ್ಲಿ ಸೆಟ್ ಜೋಡಿಸುವವರು ಇದಿಲ್ಲದ ಸ್ಟ್ಯಾಂಡನ್ನು ಕೊಳ್ಳಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ತೀರ ಹಗುರದ ಕೆಲವು ಸ್ಟ್ಯಾಂಡ್‌ಗಳಲ್ಲಿ ತೂಕ ಉಳಿಸಲೆಂದು ಇದನ್ನು ಬಿಟ್ಟಿರುತ್ತಾರೆ. ಅಂಥದ್ದನ್ನು ಕೊಂಡರೆ ಪೈಪಿನ ಮೇಲೆ ಬಣ್ಣದ ಟೇಪಿನಿಂದ ಗುರುತು ಮಾಡಿಕೊಳ್ಳುವುದೊಂದೇ ದಾರಿ.

ತಲೆಭಾಗಕ್ಕೆ ಬಂದರೆ, ಸಿಂಬಲ್ಲಿನ ವಾಲನ್ನು ಹೊಂದಿಸುವ ಟಿಲ್ಟರ್ ಎರಡು ಬಗೆಯದು. ಹಲ್ಲುಗಳಿರುವ ಟಿಲ್ಟರಿನಲ್ಲಿ ಎರಡು ಹಲ್ಲುಬಿಲ್ಲೆಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಹಿಡಿತ ಒಳ್ಳೆಯದು, ಆದರೆ ಒಂದು ಹಲ್ಲಿನಿಂದ ಮುಂದಿನ ಹಲ್ಲಿಗೆ ಹಾರುವುದರಿಂದ ಬೇಕಾದ ವಾಲು ಯಾವಾಗಲೂ ಸಿಗುವುದಿಲ್ಲ. ಬೋಲ್ಟನ್ನು ಪೂರ್ತಿ ಸಡಿಲಿಸದೆ ತಿರುಗಿಸಿದರೆ ಹಲ್ಲುಗಳು ಸವೆಯುತ್ತವೆ. ಹಲ್ಲುಗಳಿಲ್ಲದ ಟಿಲ್ಟರ್ ಘರ್ಷಣೆಯ ಬಲದಿಂದಲೇ ಹಿಡಿಯುತ್ತದೆ. ಯಾವ ವಾಲಿಗೆ ಬೇಕಾದರೂ ನಿಲ್ಲಿಸಬಹುದು. ಪರ್ಲ್ ಕಂಪನಿಯ ಯೂನಿಲಾಕ್ ಈ ಬಗೆಯದು, 830 ಮತ್ತು 930 ಸರಣಿಗಳ ಸ್ಟ್ಯಾಂಡ್‌ಗಳಲ್ಲಿ ಅದು ಬರುತ್ತದೆ. ಟಾಮ್‌ಗಳ ಮೇಲೆ ರೈಡನ್ನು ಸ್ವಲ್ಪವೇ ವಾಲಿಸಿ ನುಡಿಸುವವರಿಗೆ ಇದರ ಸೊಗಸು ಕೂಡಲೇ ತಿಳಿಯುತ್ತದೆ. ಅಗ್ಗದ ಸ್ಟ್ಯಾಂಡಿನಲ್ಲಿ ಹಲ್ಲಿಲ್ಲದ ಟಿಲ್ಟರನ್ನು ನಾನು ನಂಬುವುದಿಲ್ಲ, ಏಕೆಂದರೆ ಘರ್ಷಣೆಯ ಹಿಡಿತ ಕೆಲಸದ ನಯವನ್ನೇ ಅವಲಂಬಿಸಿರುತ್ತದೆ. ಅಲ್ಲಿ ಹಲ್ಲಿರುವುದೇ ಕ್ಷೇಮ.

ಟಿಲ್ಟರಿನ ಮೇಲಿನ ಸಣ್ಣ ಸಾಮಾನುಗಳ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ಕೆಳಗೆ ಒಂದು ಲೋಹದ ಬಿಲ್ಲೆ, ಅದರ ಮೇಲೆ ಒಂದು ಫೆಲ್ಟ್, ಸಿಂಬಲ್ ಕೂರುವ ಕಡ್ಡಿಗೆ ತೊಡಿಸಿದ ಪ್ಲಾಸ್ಟಿಕ್ ಕೊಳವೆ ಅಂದರೆ ಸ್ಲೀವ್, ಆಮೇಲೆ ಸಿಂಬಲ್, ಮೇಲೊಂದು ಫೆಲ್ಟ್, ಕೊನೆಗೆ ವಿಂಗ್ ನಟ್. ಬಾಡಿಗೆ ಸೆಟ್ಟುಗಳಲ್ಲಿ ಮೊದಲು ಕಾಣೆಯಾಗುವುದು ಸ್ಲೀವ್. ಅದಿಲ್ಲದೆ ನುಡಿಸಿದರೆ ಕಡ್ಡಿಯ ಥ್ರೆಡ್ ಸಿಂಬಲ್ಲಿನ ನಡುತೂತನ್ನು ಅರದಂತೆ ತಿನ್ನುತ್ತ ಹೋಗುತ್ತದೆ. ದುಂಡಗಿದ್ದ ತೂತು ಒಂದು ಕಡೆಗೆ ಉದ್ದವಾಗುತ್ತದೆ, ಅಲ್ಲಿಂದ ಸೀಳು ಹುಟ್ಟಬಹುದು. ಹತ್ತಾರು ಸಾವಿರ ರೂಪಾಯಿಯ ಸಿಂಬಲ್ ಹಾಳಾಗುವುದು ಹೀಗೆ, ಕೆಲವೇ ರೂಪಾಯಿಯ ಪ್ಲಾಸ್ಟಿಕ್ ತುಂಡಿನ ಕೊರತೆಯಿಂದ. ಕಡ್ಡಿಯ ಥ್ರೆಡ್ ಬಹುಪಾಲು ಸ್ಟ್ಯಾಂಡ್‌ಗಳಲ್ಲಿ 8 ಮಿ.ಮೀ., ಕೆಲವು ಹಳೆಯ ಮತ್ತು ಹಗುರ ಸ್ಟ್ಯಾಂಡ್‌ಗಳಲ್ಲಿ 6 ಮಿ.ಮೀ. ಒಂದರ ಸ್ಲೀವ್ ಮತ್ತು ನಟ್ ಇನ್ನೊಂದಕ್ಕೆ ಆಗಿಬರುವುದಿಲ್ಲ. ಆದ್ದರಿಂದ ಎಲ್ಲ ಸ್ಟ್ಯಾಂಡ್‌ಗಳನ್ನೂ ಒಂದೇ ಅಳತೆಯ ಥ್ರೆಡ್ಡಿನವನ್ನೇ ಕೊಂಡರೆ ಬಿಡಿ ಸಾಮಾನಿನ ಒಂದೇ ಡಬ್ಬಿಯಿಂದ ಎಲ್ಲಕ್ಕೂ ಸಾಲುತ್ತದೆ. ವಿಂಗ್ ನಟ್ಟನ್ನು ಸಿಂಬಲ್ ಸಲೀಸಾಗಿ ಓಲಾಡುವಷ್ಟು ಸಡಿಲವಾಗಿಯೇ ಬಿಡಬೇಕು. ಅಲುಗಾಡುತ್ತದೆಂದು ಬಿಗಿದು ಕಟ್ಟಿದರೆ ನಾದ ಸಾಯುವುದಲ್ಲದೆ ಏಟಿನ ಬಲವೆಲ್ಲ ಲೋಹದಲ್ಲೇ ಉಳಿದು ಅಂಚು ಒಡೆಯುತ್ತದೆ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಮಾರುಕಟ್ಟೆಯಲ್ಲಿ ಸಿಗುವ ಬಗೆಗಳನ್ನು ನೋಡಿದರೆ, ಮೊದಲನೆಯದು ಜೋಡಿ ಪಟ್ಟಿಯ ಭಾರಿ ಬೂಮ್ ಸ್ಟ್ಯಾಂಡ್. ಪರ್ಲ್ ಬಿಸಿ-930, ಟಾಮಾ ರೋಡ್‌ಪ್ರೊ, ಯಮಹಾ 800 ಸರಣಿ ಈ ವರ್ಗದವು. ತಳದ ಪೈಪು ಒಂದು ಇಂಚು ಅಥವಾ ಅದಕ್ಕೂ ದಪ್ಪ. ಸಾಮಾನ್ಯವಾಗಿ ಮೂರೂವರೆಯಿಂದ ನಾಲ್ಕೂವರೆ ಕೆ.ಜಿ. ತೂಗುತ್ತವೆ. ಕಟ್ಟುಮಸ್ತು ಎಂಬ ಮಾತಿಗೆ ಇವು ಪೂರ್ತಿ ತಕ್ಕವು, ಕೀಲುಗಳ ಕೆಲಸ ಅಚ್ಚುಕಟ್ಟು, ವರ್ಷಗಟ್ಟಲೆ ಬಾಳುತ್ತವೆ. ಆದರೆ ಒಂದು ಸೆಟ್ಟಿಗೆ ಇಂಥ ಮೂರು ಸ್ಟ್ಯಾಂಡ್, ಜೊತೆಗೆ ಕಾಲಿನಿಂದ ತೆರೆದು ಮುಚ್ಚುವ ಜೋಡಿ ಸಿಂಬಲ್ಲಾದ ಹೈಹ್ಯಾಟಿನ ಸ್ಟ್ಯಾಂಡ್, ಸ್ನೇರ್ ಡ್ರಮ್ಮಿನ ಸ್ಟ್ಯಾಂಡ್, ಪೆಡಲ್ ಸೇರಿದರೆ ಚೀಲ 20 ಕೆ.ಜಿ. ದಾಟುತ್ತದೆ. ಸ್ವಂತ ವಾಹನವಿದ್ದು, ಹೊರಲು ಸಹಾಯಕರಿದ್ದು, ರಾಕ್ ಸಂಗೀತದಂತೆ ಜೋರಾಗಿ ನುಡಿಸುವವರಿಗೆ ಇವು ಸರಿ. ಬಸ್ಸಿನಲ್ಲಿ ಓಡಾಡುವವರಿಗೆ, ಮೂರನೆಯ ಮಹಡಿಯ ಸಭಾಂಗಣಕ್ಕೆ ಮೆಟ್ಟಿಲು ಹತ್ತಿಸಬೇಕಾದವರಿಗೆ ಇವನ್ನು ನಾನು ಹೇಳುವುದಿಲ್ಲ. ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯ ಟಿಕೆಟ್ಟಿಗೆ 15 ಕೆ.ಜಿ. ಸಾಮಾನಿನ ಮಿತಿ ಇರುವುದರಿಂದ, ಮುಂಬೈ, ದೆಹಲಿಯ ಕನ್ನಡ ಸಂಘಗಳ ಕಾರ್ಯಕ್ರಮಕ್ಕೆ ಹಾರುವ ತಂಡಗಳಿಗಂತೂ ಇವು ಹೊಂದುವುದೇ ಇಲ್ಲ.

ಎರಡನೆಯದು ಫ್ಲ್ಯಾಟ್ ಬೇಸ್. ಕಾಲುಗಳು ಮುಕ್ಕಾಲಿಯಂತೆ ಎತ್ತರದಿಂದ ಇಳಿಯದೆ ನೆಲಕ್ಕೆ ಹೆಚ್ಚುಕಡಿಮೆ ಸಮತಟ್ಟಾಗಿ ಹರಡಿಕೊಳ್ಳುತ್ತವೆ. 1960ರ ದಶಕದ ಲುಡ್ವಿಗ್ ಸೆಟ್ಟುಗಳಲ್ಲಿ ಕಾಣುವ ಸ್ಟ್ಯಾಂಡ್‌ಗಳು ಇಂಥವೇ. ಸಂಗೀತ ಜೋರಾದಂತೆ, ಸಿಂಬಲ್‌ಗಳು ದೊಡ್ಡವಾದಂತೆ ಭಾರಿ ಮುಕ್ಕಾಲಿಗಳು ಅವುಗಳ ಜಾಗಕ್ಕೆ ಬಂದವು. ಈಗ ಹಗುರ ಸಾಮಾನಿಗೆ ಮತ್ತೆ ಬೇಡಿಕೆ ಬಂದು ಗಿಬ್ರಾಲ್ಟರ್ 8000 ಸರಣಿ, ಟಾಮಾದ ಕ್ಲಾಸಿಕ್ ಸ್ಟ್ಯಾಂಡ್, ಡಿಡಬ್ಲ್ಯು 6000 ಸರಣಿ, ಲುಡ್ವಿಗ್‌ನವರದೇ ಅಟ್ಲಾಸ್ ಕ್ಲಾಸಿಕ್ ಎಂದು ಹಲವು ಆಯ್ಕೆಗಳಿವೆ. ಉಕ್ಕಿನವೇ ಆದರೂ ಬೂಮ್ ಇಲ್ಲದ ನೇರ ಸ್ಟ್ಯಾಂಡಿನ ತೂಕ ಎರಡು ಕೆ.ಜಿ. ಆಸುಪಾಸಿನಲ್ಲೇ ಇರುತ್ತದೆ, ಮಡಚಿದರೆ ತೆಳುವಾಗಿ ಒಂದರ ಪಕ್ಕ ಒಂದು ಕೂರುತ್ತವೆ. ಇವುಗಳ ಸಮತಟ್ಟು ಕಾಲುಗಳು ಪೆಡಲ್ ಮತ್ತು ಫ್ಲೋರ್ ಟಾಮ್‌ಗಳ ಅಡಿಗೆ ನುಸುಳುವುದರಿಂದ ಚಿಕ್ಕ ವೇದಿಕೆಯಲ್ಲಿ ಬಹಳ ಅನುಕೂಲ. ಸುಗಮ ಸಂಗೀತದ ತಂಡಗಳಲ್ಲಿ, ಹೋಟೆಲುಗಳ ಸಣ್ಣ ವೇದಿಕೆಗಳಲ್ಲಿ, ಚರ್ಚುಗಳಲ್ಲಿ 16 ಅಥವಾ 18 ಇಂಚಿನ ತೆಳು ಕ್ರ್ಯಾಶ್‌ಗೆ ಇದಕ್ಕಿಂತ ಒಳ್ಳೆಯ ಸ್ಟ್ಯಾಂಡ್ ನನಗೆ ಕಂಡಿಲ್ಲ. ಏಟು ಬಿದ್ದಾಗ ಸ್ಟ್ಯಾಂಡೂ ಸಿಂಬಲ್ಲಿನ ಜೊತೆಗೆ ಕೊಂಚ ಬಳುಕುತ್ತದೆ, ಕೋಲಿಗೆ ಮೆತ್ತನೆಯ ಅನುಭವ ಸಿಗುತ್ತದೆ. ದೋಷವೆಂದರೆ ಸಮತಟ್ಟಲ್ಲದ ನೆಲ ಇವಕ್ಕೆ ಆಗಿಬರುವುದಿಲ್ಲ. ಹಲಗೆ ಮೇಲೆದ್ದಿರುವ ವೇದಿಕೆಯಲ್ಲಿ ಕಾಲುಗಳ ನಡುಭಾಗ ನೆಲಕ್ಕೆ ತಾಗಿ ಸ್ಟ್ಯಾಂಡ್ ತೊನೆಯುತ್ತದೆ. ಭಾರದ ರೈಡನ್ನು, ಅದರಲ್ಲೂ ಬೂಮ್ ಹಾಕಿ, ಇವುಗಳ ಮೇಲೆ ಇಡಬಾರದು.

ಮೂರನೆಯದು ಅಲ್ಯೂಮಿನಿಯಂ. ಇದರಲ್ಲಿ ಹೆಚ್ಚು ಮಾತಿಗೆ ಬರುವುದು ಯಮಹಾದ ಕ್ರಾಸ್‌ಟೌನ್. ಎರಡು ನೇರ ಸಿಂಬಲ್ ಸ್ಟ್ಯಾಂಡ್, ಒಂದು ಹೈಹ್ಯಾಟ್ ಸ್ಟ್ಯಾಂಡ್, ಒಂದು ಸ್ನೇರ್ ಸ್ಟ್ಯಾಂಡ್, ಎಲ್ಲವೂ ಸೇರಿ ಏಳೂವರೆ ಕೆ.ಜಿ. ಆಸುಪಾಸು, ಅಂದರೆ ಇಡೀ ಕಂತೆ ಎರಡು ಭಾರಿ ಬೂಮ್ ಸ್ಟ್ಯಾಂಡ್‌ಗಳಷ್ಟೇ ತೂಕ. ಮೊದಲ ಸಲ ಎತ್ತಿದಾಗ ಇದರಲ್ಲಿ ಎಲ್ಲ ಸ್ಟ್ಯಾಂಡೂ ಇವೆಯೇ ಎಂದು ಚೀಲ ತೆರೆದು ನೋಡಬೇಕೆನಿಸುತ್ತದೆ. ಡಿಡಬ್ಲ್ಯು ಕಂಪನಿಯ ಅಲ್ಟ್ರಾಲೈಟ್ ಕೂಡ ಅಲ್ಯೂಮಿನಿಯಂನದೇ. ಒಬ್ಬರೇ ಸೆಟ್ ಹೊತ್ತು ಓಡಾಡುವವರಿಗೆ, ಬೆನ್ನುನೋವಿನಿಂದ ಬಳಲುವ ಹಿರಿಯ ಕಲಾವಿದರಿಗೆ ಇವು ನಿಜಕ್ಕೂ ಉಪಕಾರಿ. ಇಷ್ಟಾದರೂ ಎರಡು ವಿಷಯ ನೆನಪಿರಲಿ. ಅಲ್ಯೂಮಿನಿಯಂ ಉಕ್ಕಿಗಿಂತ ಮೆತ್ತನೆಯ ಲೋಹವಾದ್ದರಿಂದ ಟೆಂಪೋದಲ್ಲಿ ಸ್ಪೀಕರ್ ಪೆಟ್ಟಿಗೆಯ ಅಡಿಗೆ ಸಿಕ್ಕಿದರೆ ಪೈಪು ನಗ್ಗುತ್ತದೆ, ಮತ್ತು ನಗ್ಗಿದ ಪೈಪು ಇನ್ನೊಂದರೊಳಗೆ ಜಾರುವುದಿಲ್ಲ. ಎರಡನೆಯದಾಗಿ, ಮೇಲೆ ಹಾಕಿದ ಲೆಕ್ಕದಂತೆ ಸ್ಟ್ಯಾಂಡಿನ ಸ್ವಂತ ತೂಕ ಕಡಿಮೆಯಾದಷ್ಟೂ ಅದನ್ನು ನಿಲ್ಲಿಸುವ ಶಿಸ್ತು ಹೆಚ್ಚಬೇಕು. ದಪ್ಪ ಗೋಡೆಯ ಪ್ರತ್ಯೇಕ ಚೀಲ ಇಟ್ಟುಕೊಂಡು, ಇದನ್ನು ತಾವೇ ಕೈಯಾರೆ ಒಯ್ಯುವವರು ಮಾತ್ರ ಇದಕ್ಕೆ ಹಣ ಹಾಕಬೇಕು. ಸಾಮಾನು ಏರಿಸುವ ಇಳಿಸುವ ಕೆಲಸವನ್ನು ಬೇರೆಯವರಿಗೆ ಬಿಡುವ ಆರ್ಕೆಸ್ಟ್ರಾದಲ್ಲಿ ಉಕ್ಕೇ ವಾಸಿ.

ಕರಾವಳಿಯವರಿಗೆ ಅಲ್ಯೂಮಿನಿಯಂ ಇನ್ನೊಂದು ಕಾರಣಕ್ಕೆ ಹಿಡಿಸಬಹುದು. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಅಗ್ಗದ ಕ್ರೋಮ್ ಒಂದೆರಡು ಮಳೆಗಾಲಗಳಲ್ಲೇ ಚುಕ್ಕೆ ಚುಕ್ಕೆಯಾಗಿ ತುಕ್ಕು ಹಿಡಿಯುತ್ತದೆ. ಅಲ್ಯೂಮಿನಿಯಂಗೆ ಆ ಕೆಂಪು ತುಕ್ಕಿನ ಕಾಟವಿಲ್ಲ, ಆದರೆ ಬೋಲ್ಟು ನಟ್ಟುಗಳು ಅದರಲ್ಲೂ ಉಕ್ಕಿನವೇ ಆದ್ದರಿಂದ ಎಣ್ಣೆ ಸವರುವ ಕೆಲಸ ತಪ್ಪುವುದಿಲ್ಲ.

ನಾಲ್ಕನೆಯದು ಮಧ್ಯಮ ತೂಕದ ಮುಕ್ಕಾಲಿ. ನನ್ನ ಆಯ್ಕೆ ಇದೇ. ಯಮಹಾ ಸಿಎಸ್-665ಎ, ಟಾಮಾ ಸ್ಟೇಜ್ ಮಾಸ್ಟರ್‌ನ ಒಂಟಿ ಪಟ್ಟಿಯದು, ಸ್ವಲ್ಪ ಹೆಚ್ಚು ಬಲ ಬೇಕೆಂದರೆ ಪರ್ಲ್ 830 ಸರಣಿ. ಕಾಲುಗಳ ಹರವು ಚೆನ್ನಾಗಿದೆ, ಕೀಲುಗಳಲ್ಲಿ ನೈಲಾನ್ ಇದೆ. ಈ ವರ್ಗದ ಬೂಮ್ ಸ್ಟ್ಯಾಂಡಿನ ಮೇಲೆ 20 ಇಂಚಿನ ರೈಡನ್ನು ಇಟ್ಟು, ಒಂದು ಕಾಲನ್ನು ಸಿಂಬಲ್ಲಿನ ನೇರ ಕೆಳಗೆ ತಂದು ನಿಲ್ಲಿಸಿದರೆ, ವೇದಿಕೆ ಎಷ್ಟೇ ತೂಗಿದರೂ ಸಿಂಬಲ್ ಮಾತ್ರ ಓಲಾಡುತ್ತದೆ, ಸ್ಟ್ಯಾಂಡ್ ಕದಲುವುದಿಲ್ಲ. ಒಂದೇ ಸ್ಟ್ಯಾಂಡ್ ಕೊಳ್ಳಲು ಹಣವಿದೆಯೆಂದರೆ ಇದನ್ನೇ ಕೊಳ್ಳಿ. ಎರಡು ಕೊಳ್ಳುವವರು ರೈಡಿಗೆ ಇದನ್ನು, ಕ್ರ್ಯಾಶ್‌ಗೆ ಫ್ಲ್ಯಾಟ್ ಬೇಸನ್ನು ಇಟ್ಟುಕೊಂಡರೆ ಎರಡೂ ಸೇರಿ ಐದು ಕೆ.ಜಿ. ಆಸುಪಾಸಿನಲ್ಲಿ ಮುಗಿಯುತ್ತದೆ. ಬೂಮ್ ತೋಳನ್ನು ಪೈಪಿನೊಳಗೆ ಇಳಿಸಿ ನೇರ ಸ್ಟ್ಯಾಂಡಾಗಿಯೂ ಬಳಸಬಹುದಾದ ಮಾದರಿ ಸಿಕ್ಕರೆ ಇನ್ನೂ ಒಳ್ಳೆಯದು, ಏಕೆಂದರೆ ಮಡಚಿದಾಗ ತೋಳು ಹೊರಗೆ ಚಾಚಿ ಚೀಲ ಹರಿಯುವುದಿಲ್ಲ.

ಇತ್ತೀಚೆಗೆ ನಮ್ಮ ಆರ್ಕೆಸ್ಟ್ರಾಗಳಲ್ಲಿ ಪೂರ್ತಿ ಡ್ರಮ್ ಸೆಟ್ಟಿನ ಬದಲು ರೋಲ್ಯಾಂಡ್‌ನ ಆಕ್ಟಾಪ್ಯಾಡ್ ಎಂಬ ಎಲೆಕ್ಟ್ರಾನಿಕ್ ಪ್ಯಾಡ್ ಇಟ್ಟು, ಜೊತೆಗೆ ಒಂದು ಹೈಹ್ಯಾಟ್, ಒಂದೆರಡು ಕ್ರ್ಯಾಶ್ ಮಾತ್ರ ನಿಜವಾದವನ್ನು ಬಳಸುವವರು ಬಹಳ. ಅಂಥವರು ಎಂಥ ಸ್ಟ್ಯಾಂಡಾದರೂ ನಡೆಯುತ್ತದೆಂದು ಭಾವಿಸಬಾರದು. ಪೂರ್ತಿ ಸೆಟ್ಟಿನಲ್ಲಿ ಬೇಸ್ ಡ್ರಮ್, ಫ್ಲೋರ್ ಟಾಮ್‌ಗಳ ನಡುವೆ ಸ್ಟ್ಯಾಂಡ್ ಸಿಕ್ಕಿಕೊಂಡಿರುತ್ತದೆ, ಬಿದ್ದರೂ ಅವುಗಳಿಗೆ ಒರಗುತ್ತದೆ. ಪ್ಯಾಡಿನ ಪಕ್ಕದಲ್ಲಿ ಒಂಟಿಯಾಗಿ ನಿಂತ ಸ್ಟ್ಯಾಂಡಿಗೆ ಆ ಆಸರೆಯಿಲ್ಲ, ಗಾಯಕರ ಮೈಕಿನ ತಂತಿ ಕಾಲಿಗೆ ಸಿಕ್ಕಿದರೆ ನೇರ ನೆಲಕ್ಕೇ ಬೀಳುತ್ತದೆ. ಅಗಲ ಹರವಿನ ಮುಕ್ಕಾಲಿ ಅಲ್ಲಿ ಇನ್ನೂ ಹೆಚ್ಚು ಬೇಕು.

ದೇಶದೊಳಗೆ ತಯಾರಾಗುವ ಅಗ್ಗದ ಸ್ಟ್ಯಾಂಡ್‌ಗಳ ಬೆಲೆ ಹೆಸರಾಂತ ಕಂಪನಿಗಳದ್ದಕ್ಕಿಂತ ಎಷ್ಟೋ ಕಡಿಮೆ. ಕಲಿಯುವ ಹುಡುಗರು ಅವನ್ನೇ ಕೊಳ್ಳುವುದು ಸಹಜ. ಅವುಗಳಲ್ಲೂ ಆರಿಸಿದರೆ ಒಳ್ಳೆಯದು ಸಿಗುತ್ತದೆ. ಒಂದು ಕಾರ್ಯಕ್ರಮದಲ್ಲಿ ನನ್ನ ಪಕ್ಕದ ಕಲಾವಿದರೊಬ್ಬರ ಸ್ಟ್ಯಾಂಡಿನ ಟಿಲ್ಟರ್ ಹಾಡಿನ ನಡುವೆಯೇ ಸೀಳಿ, 18 ಇಂಚಿನ ಸಿಂಬಲ್ ಕೀಬೋರ್ಡಿನ ಮೇಲೆ ಬಿತ್ತು. ಸೀಳಿದ ತುಂಡನ್ನು ಕೈಯಲ್ಲಿ ಹಿಡಿದು ನೋಡಿದಾಗ ಎರಕದ ಒಳಗೆ ಸಾಸಿವೆಗಾತ್ರದ ಗಾಳಿಗುಳ್ಳೆಗಳು ಕಾಣುತ್ತಿದ್ದವು. ಹೊರಗಿನ ಹೊಳಪಿನಲ್ಲಿ ಇದು ತಿಳಿಯುವುದಿಲ್ಲ. ಆದರೆ ಎರಕದ ಅಂಚುಗಳು ಒರಟಾಗಿದ್ದರೆ, ಕ್ರೋಮಿನಡಿ ಸಣ್ಣ ಗುಳಿಗಳಿದ್ದರೆ, ಬೋಲ್ಟು ತಿರುಗಿಸುವಾಗ ಒಂದು ಕಡೆ ಬಿಗಿ ಒಂದು ಕಡೆ ಸಡಿಲವಾದರೆ, ಅದೇ ರಾಶಿಯಿಂದ ಇನ್ನೊಂದನ್ನು ತೆಗೆಸಿ ನೋಡುವುದು ಒಳ್ಳೆಯದು.

ಅಂಗಡಿಯಲ್ಲಿ ಪರೀಕ್ಷೆಗೆ ನಿಮ್ಮ ಅತಿ ಭಾರದ ಸಿಂಬಲ್ಲನ್ನೇ ಒಯ್ಯಿರಿ. ಕಾಲುಗಳನ್ನು ಪೂರ್ತಿ ತೆರೆದು, ಪೈಪುಗಳನ್ನು ನೀವು ನುಡಿಸುವ ಎತ್ತರಕ್ಕೆ ಎಳೆದು, ಬೋಲ್ಟುಗಳನ್ನು ಬರಿಗೈಯಿಂದ ಮಾತ್ರ ಬಿಗಿಯಿರಿ. ಇಕ್ಕಳ ಬೇಕಾಗುವ ಸ್ಟ್ಯಾಂಡ್ ಬೇಡವೇ ಬೇಡ. ತಲೆಯನ್ನು ಹಿಡಿದು ಎಡಕ್ಕೂ ಬಲಕ್ಕೂ ತಿರುಚಿ ನೋಡಿ: ಕಾಲುಗಳ ರಿವೆಟ್ ಸಡಿಲವಿದ್ದರೆ ಆಗ ಕೈಗೆ ಗೊತ್ತಾಗುತ್ತದೆ. ಪಾದದ ರಬ್ಬರುಗಳನ್ನು ಎಳೆದು ನೋಡಿ, ಸುಲಭವಾಗಿ ಕಳಚಿದರೆ ಅವು ಮೊದಲ ತಿಂಗಳಲ್ಲೇ ಎಲ್ಲೋ ಬಿದ್ದುಹೋಗುತ್ತವೆ, ಆಮೇಲೆ ಬರಿ ಲೋಹ ಜಮಖಾನವನ್ನು ಹರಿಯುತ್ತದೆ. ಕೊನೆಗೆ ಮಡಚಿ ಅಳತೆ ತೆಗೆದುಕೊಳ್ಳಿ. ಮಡಚಿದ ಉದ್ದ ನಿಮ್ಮ ಚೀಲಕ್ಕಿಂತ ನಾಲ್ಕು ಬೆರಳು ಹೆಚ್ಚಿದ್ದರೂ ಪ್ರತಿ ಸಲ ಬೂಮ್ ತೋಳನ್ನು ಬೇರೆಯಾಗಿ ಬಿಚ್ಚಬೇಕಾಗುತ್ತದೆ, ಮತ್ತು ಬೇರೆ ಬಿಚ್ಚಿದ ಭಾಗವೇ ಮೊದಲು ಕಳೆದುಹೋಗುವುದು.

ಸ್ಟ್ಯಾಂಡಿನ ಜೊತೆಗೇ ಅದೇ ಅಳತೆಯ ನಾಲ್ಕಾರು ಸ್ಲೀವ್, ಎಂಟು ಫೆಲ್ಟ್, ಎರಡು ವಿಂಗ್ ನಟ್, ಒಂದು ಜೊತೆ ರಬ್ಬರ್ ಪಾದ ಕೊಂಡು ಚೀಲದ ಒಂದು ಜೇಬಿನಲ್ಲಿ ಇಡಿ. ಬಿಡಿಭಾಗ ತರಿಸಿಕೊಡುತ್ತೀರಾ ಎಂದು ಅಂಗಡಿಯವರನ್ನು ದುಡ್ಡು ಕೊಡುವ ಮೊದಲೇ ಕೇಳಿ. ‘ತರಿಸಿಕೊಡುತ್ತೇವೆ ಸರ್’ ಎಂಬ ಮಾತಿನ ಜೊತೆಗೆ ಒಂದು ಟಿಲ್ಟರ್ ಬೋಲ್ಟನ್ನು ಒಳಗಿನಿಂದ ತಂದು ತೋರಿಸುವ ಅಂಗಡಿಯಲ್ಲಿ ನೂರಿನ್ನೂರು ರೂಪಾಯಿ ಹೆಚ್ಚಾದರೂ ಅಲ್ಲೇ ಕೊಳ್ಳುವುದು ಮೇಲು.